ಜ್ವರ ಬಿಟ್ಟವರ ಏಕಾದಶಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ನಾನು ಆಸ್ಪತ್ರೆಯಲ್ಲಿ ನಿಂತು ಕಿರುಚುವ ಭಾಗ ಬರುತ್ತದೆ. ಆಗ ನೀವು ‘ಅಯ್ಯಯ್ಯ, ಎಂಥ ಸೊಸೆ’ ಎಂದು ಬೆಚ್ಚಿಬೀಳಬಾರದು. ನಾನು ಹುಟ್ಟಿ ಬೆಳೆದದ್ದು ಶಹಾಬಾದಿನ ರೈಲ್ವೆ ಕ್ವಾರ್ಟರ್ಸಿನಲ್ಲಿ. ಕಿಟಕಿಯ ಪಕ್ಕದಲ್ಲೇ ಗೂಡ್ಸ್ ಗಾಡಿ ಹೋಗುತ್ತಿದ್ದರೆ ಚೂರು ಉಪ್ಪು ಬೇಕೆಂದರೂ ಕೂಗಿಯೇ ಕೇಳಬೇಕು. ಗಾಡಿ ಹೋದ ಮೇಲೆ ದನಿ ಇಳಿಸುವ ಅಭ್ಯಾಸ ನಮ್ಮ ಮನೆಯಲ್ಲಿ ಯಾರಿಗೂ ಆಗಲಿಲ್ಲ. ಅಂಥವಳನ್ನು ಸೇಡಂನ ವೈಷ್ಣವರ ಮನೆಗೆ ಕೊಟ್ಟರು. ಅಲ್ಲಿ ದೇವರ ಗಂಟೆಗಿಂತ ಜೋರಾಗಿ ಯಾರೂ ಮಾತಾಡುತ್ತಿರಲಿಲ್ಲ, ಮಾವನವರೊಬ್ಬರನ್ನು ಬಿಟ್ಟು.

ಮಾವನವರು ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸಿ ನಿವೃತ್ತರಾದವರು. ಊರಿಗೆಲ್ಲ ‘ಆಚಾರ್ರು’. ನಾನು ಕುರಕುಂಟಾದ ಶಾಲೆಯಲ್ಲಿ ಟೀಚರ್ ಆಗಿದ್ದೆನಾದ್ದರಿಂದ ನನ್ನನ್ನು ಅವರು ‘ಬಾಯಾರು’ ಎಂದು ಕರೆಯುತ್ತಿದ್ದರು. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸಿಗೆ ಹಾಗೆನ್ನುವುದು ಗೌರವ. ಮಾವನವರ ಬಾಯಲ್ಲಿ ಅದು ಬೈಗುಳ. ‘ಬಾಯಾರು ಚಪ್ಲಿ ಮೆಟ್ಟಿಕೊಂಡೇ ನಡುಮನಿ ತನಕ ಬಂದ್ರು ನೋಡ್ರಿ.’ ‘ಬಾಯಾರಿಗೆ ಉಪ್ಪು ಸರ್ಕಾರದಾವ್ರು ಪುಕ್ಕಟ ಕೊಡ್ತಾರೇನು, ಸಾರಿನಾಗ ಇಷ್ಟು ಸುರದಾರ?’ ನಾನೂ ಬಿಡುತ್ತಿರಲಿಲ್ಲ, ಒಂದಕ್ಕೆ ಎರಡು ಕೊಡುತ್ತಿದ್ದೆ. ನನ್ನ ಯಜಮಾನರು ವಾಡಿಯ ಸಿಮೆಂಟ್ ಕಾರ್ಖಾನೆಯೊಂದರ ಆಫೀಸಿನಲ್ಲಿದ್ದು ವಾರಕ್ಕೊಮ್ಮೆ ಪ್ಯಾಸೆಂಜರ್ ಗಾಡಿಗೆ ಬರುತ್ತಿದ್ದರು. ಅತ್ತೆಯವರು ಯಾರ ಪರವನ್ನೂ ವಹಿಸದೆ ಹೂಬತ್ತಿ ಹೊಸೆಯುತ್ತ ಕೂತಿರುತ್ತಿದ್ದರು.

ಮಾವನವರು ನಿಜವಾಗಿ ಹೆಸರಾಗಿದ್ದು ಏಕಾದಶಿಯ ವಿಷಯದಲ್ಲಿ. ನಮ್ಮವರ ಏಕಾದಶಿ ಎಂದರೆ ಸಾಬೂದಾಣಿ ಖಿಚಡಿ ತಿಂದು ತೇಗುವ ಏಕಾದಶಿಯಲ್ಲ. ಒಂದು ಹನಿ ನೀರೂ ಇಲ್ಲ. ಮರುದಿನ ದ್ವಾದಶಿಯ ಬೆಳಿಗ್ಗೆ ಪಾರಣೆಯಾಗುವವರೆಗೆ ಗಂಟಲು ಒಣಗಿಸಿಕೊಂಡೇ ಇರಬೇಕು. ಆದರೆ ಬಿ.ಪಿ., ಶುಗರ್ ಇದ್ದ ಮುದುಕರು, ಗುಳಿಗೆ ನುಂಗಬೇಕಾದವರು ಏನು ಮಾಡಬೇಕು? ಚಿತ್ತಾಪುರದಿಂದ, ಚಿಂಚೋಳಿಯಿಂದ ದಶಮಿಯ ಸಂಜೆ ನಮ್ಮ ಮನೆಗೆ ಫೋನ್ ಬರುತ್ತಿತ್ತು. ಮಾವನವರು ಧಾರಾಳವಾಗಿ ಅಪ್ಪಣೆ ಕೊಡುತ್ತಿದ್ದರು. “ರೋಗಿಗೆ ವಿನಾಯ್ತಿ ಅದ. ನೀರು ಕುಡಿ, ಹಣ್ಣು ತಿನ್ನು, ಗುಳಿಗಿ ತಗೋ. ದೇಹ ಇದ್ರ ಮುಂದಿನ ಏಕಾದಶಿ ಬರ್ತದ.” ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ ಎನ್ನುತ್ತಾರಲ್ಲ, ಇವರದು ಅದರ ತಿರುವುಮುರುವು. ಊರಿಗೆಲ್ಲ ಬದನೆಕಾಯಿ ಹಂಚಿ ತಾವು ಬರೀ ಪುರಾಣ ತಿಂದು ಬದುಕುವವರು.

ಆಗ ಎರಡು ಸಾವಿರ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಮೊಬೈಲು ಕೈಗೆ ಬಂದಿತ್ತು, ಮಾತಾಡಬೇಕೆಂದರೆ ಮಾತ್ರ ಮಾಳಿಗೆ ಹತ್ತಬೇಕಿತ್ತು. ಆ ವರ್ಷ ಮಳೆಗಾಲ ಮುಗಿಯುತ್ತಿದ್ದಂತೆ ಸೇಡಂಗೆ ಡೆಂಗಿ ಜ್ವರ ಬಂತು. ಜ್ವರದ ಜೊತೆಗೆ ‘ಪ್ಲೇಟ್ಲೆಟ್’ ಎಂಬ ಪದವೂ ಬಂತು. ಅಲ್ಲಿಯವರೆಗೆ ಊರಿನಲ್ಲಿ ಯಾರೂ ಕೇಳದಿದ್ದ ಆ ಪದ ಒಂದೇ ತಿಂಗಳಲ್ಲಿ ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ, ಬಸ್ ಸ್ಟ್ಯಾಂಡಿನಲ್ಲಿ, ಮಠದ ಪಂಕ್ತಿಯಲ್ಲಿ ಓಡಾಡತೊಡಗಿತು.

ಮಾವನವರಿಗೂ ಜ್ವರ ಬಂತು. ಮೈಕೈ ಮುರಿದು ಹಾಕುವಂಥ ನೋವು. ಎರಡು ದಿನ ತುಳಸಿ ಕಷಾಯ ಕುಡಿದು ನೋಡಿದರು, ಮೂರನೆಯ ದಿನ ನಾನು ಕೇಳಲಿಲ್ಲ. ಆಟೋ ಕರೆಸಿ, ಜಗಳಾಡುತ್ತಲೇ ಅವರನ್ನು ಬಸ್ ಸ್ಟ್ಯಾಂಡಿನ ಹತ್ತಿರದ ಚಿಕ್ಕ ಖಾಸಗಿ ಆಸ್ಪತ್ರೆಗೆ ಸೇರಿಸಿದೆ. ಡಾಕ್ಟರು ಚಿತ್ತಾಪುರದವರು, ಮುಸಲ್ಮಾನರು, ನಡುವಯಸ್ಸಿನವರು. ಮಾವನವರಿಗೆ ಅವರ ಔಷಧಿಯ ಬಗ್ಗೆ ತಕರಾರಿರಲಿಲ್ಲ, ಆಸ್ಪತ್ರೆಯ ನೀರಿನ ಬಗ್ಗೆ ಇತ್ತು. ಹಾಗಾಗಿ ಅತ್ತೆಯವರು ಮನೆಯಿಂದ ಕಾಯಿಸಿ ಆರಿಸಿದ ನೀರನ್ನು ತಂಬಿಗೆಯಲ್ಲಿ ತರುವುದು, ಅದರಲ್ಲಿ ಡಾಕ್ಟರು ಕೊಟ್ಟ ಉಪ್ಪು-ಸಕ್ಕರೆಯ ಪುಡಿ ಕಲಸುವುದು ಎಂದು ರಾಜಿಯಾಯಿತು.

ಪಕ್ಕದ ಮಂಚದಲ್ಲಿ ಅದೇ ಜ್ವರದ ಇನ್ನೊಬ್ಬ ರೋಗಿ ಇದ್ದ. ಕೋಡ್ಲಾದವನು, ಕಲ್ಲಿನ ಗಣಿಯಲ್ಲಿ ದುಡಿಯುವವನು, ಬಾಗಿಲು ತುಂಬುವಂಥ ಆಳು. ಅಷ್ಟು ದೊಡ್ಡ ದೇಹಕ್ಕೆ ಸೂಜಿ ಎಂದರೆ ಪ್ರಾಣಭಯ. ರಕ್ತ ತೆಗೆಯಲು ಬಂದರೆ “ಯವ್ವಾ” ಎಂದು ಹೆಂಡತಿಯ ಸೆರಗು ಹಿಡಿಯುತ್ತಿದ್ದ. ಮಾವನವರು ಅವನಿಗೆ ಧೈರ್ಯ ಹೇಳುತ್ತಿದ್ದರು, ತಮ್ಮ ಸರದಿ ಬಂದಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

ನೋಡಲು ಬಂದವರದು ಒಂದು ದೊಡ್ಡ ಕಾಟ. ಬಂದವರು ಹೇಗಿದ್ದೀರಿ ಎಂದು ಕೇಳುತ್ತಿರಲಿಲ್ಲ, ಕ್ರಿಕೆಟ್ಟಿನ ಸ್ಕೋರು ಕೇಳುವ ಹಾಗೆ ಬಾಗಿಲಲ್ಲೇ ನಿಂತು ಕೇಳುತ್ತಿದ್ದರು.

“ಎಷ್ಟಕ್ಕ ಬಂದಾವ್ರಿ ಪ್ಲೇಟ್ಲೆಟ್?”

“ಎಂಬತ್ತು ಸಾವಿರ ಅಂತ,” ಎಂದರೆ ಮುಖ ಸಣ್ಣದು ಮಾಡುತ್ತಿದ್ದರು.

“ಅಷ್ಟೇ ಏನು! ನಮ್ಮ ಭಾವಗ ಶಹಾಬಾದದಾಗ ಮೂವತ್ತಕ್ಕ ಇಳದಿದ್ವು. ಮೂವತ್ತು!”

ಇಂಥ ಮಾತು ಕೇಳಿ ಮಾವನವರಿಗೆ ತಮ್ಮ ಜ್ವರ ಏನೋ ಎರಡನೆಯ ದರ್ಜೆಯದು ಎಂಬಂತೆ ಬೇಸರವಾಗುತ್ತಿತ್ತು. ತೆಂಗಳಿಯ ನೆಂಟರೊಬ್ಬರು ಪಪ್ಪಾಯಿ ಎಲೆ ತಂದರು, ಇನ್ನೊಬ್ಬರು ಆಡಿನ ಹಾಲು ತಂದರು. ಚಾತುರ್ಮಾಸದ ಕ್ಷೀರವ್ರತ ನಡೆದಿತ್ತು, ಆ ತಿಂಗಳು ಹಾಲು ಮುಟ್ಟುವಂತಿಲ್ಲ. ಆಡಿನದೂ ಹಾಲೇ ಅಲ್ಲವೇ ಎಂದು ಮಾವನವರು ಅದನ್ನು ಕೋಡ್ಲಾದವನಿಗೆ ಕೊಡಿಸಿದರು. ಅವನು ಏನು ಕೊಟ್ಟರೂ ಕುಡಿಯುತ್ತಿದ್ದ.

ಡಾಕ್ಟರಿಗೆ ಈ ಪ್ಲೇಟ್ಲೆಟ್ ಜಾತ್ರೆ ನೋಡಿ ತಲೆ ಕೆಟ್ಟಿತ್ತು. ಒಂದು ದಿನ ನನ್ನನ್ನು ಹೊರಗೆ ಕರೆದರು.

“ಬಾಯಾರ, ನೀವು ಕಲ್ತಾವ್ರು. ಆ ಅಂಕಿ ಒಂದೇ ಹಿಡ್ಕೊಂಡು ಕುಂದ್ರಬ್ಯಾಡ್ರಿ. ಇನ್ನೊಂದು ಅದ, ಪಿ.ಸಿ.ವಿ. ಅಂತ. ರಕ್ತ ಎಷ್ಟು ಗಟ್ಟಿ ಆಗೇದ ಅಂತ ತೋರಸ್ತದ. ಸಾರು ಒಲಿ ಮ್ಯಾಲ ಇಟ್ಟು ಮರ್ತ್ರ ಏನಾಗ್ತದ?”

“ಬತ್ತತದ.”

“ನೀರು ಹೋಗಿ ಬ್ಯಾಳಿ ಉಳೀತದ. ಇದೂ ಹಂಗೇ. ಈ ಜ್ವರದಾಗ ರಕ್ತದ ನಾಳ ಸೋರ್ತಾವ. ನೀರು ಹೊರಗ ಹೋಗಿ ರಕ್ತ ಗಟ್ಟಿ ಆಗ್ತದ. ಪ್ಲೇಟ್ಲೆಟ್ ಇಳೀಲಿಕತ್ತಾಗ ಪಿ.ಸಿ.ವಿ. ಏರ್ಲಿಕತ್ತಿತು ಅಂದ್ರ ಪೇಶಂಟ್ ಕೆಡಾಕತ್ತಾನ ಅಂತ ತಿಳೀಬೇಕು. ಮಾರಿ ನೋಡಿದ್ರ ಗೊತ್ತಾಗಂಗಿಲ್ಲ, ರಕ್ತ ಮೊದಲೇ ಹೇಳ್ತದ. ಅದೂ ಯಾವಾಗ ಗೊತ್ತದ ಏನ್ರಿ? ಜ್ವರ ಬಿಟ್ಟ ಮ್ಯಾಲ.”

“ಬಿಟ್ಟ ಮ್ಯಾಲ?”

“ಹೌದ್ರಿ. ಎಲ್ರೂ ಪೇಢೆ ಹಂಚ್ತಾರಲ್ಲ, ಆವಾಗ.”

ದಶಮಿಯ ದಿನ ಬೆಳಿಗ್ಗೆ ಮಾವನವರ ಜ್ವರ ಬಿಟ್ಟಿತು. ಹಣೆ ತಣ್ಣಗಾಯಿತು. ಎದ್ದು ಕೂತು ಮೊದಲು ಮಾಡಿದ ಕೆಲಸವೆಂದರೆ ನನ್ನ ಮೇಲೆ ಹರಿಹಾಯ್ದದ್ದು. ನಾನು ಶಾಲೆಯ ಚೀಲವನ್ನು ಅವರ ಮಡಿಪಂಚೆಯ ಪಕ್ಕ ಇಟ್ಟಿದ್ದೆನಂತೆ. ಬೈಸಿಕೊಂಡು ನನಗೆ ಭಾರೀ ಸಂತೋಷವಾಯಿತು. ಅತ್ತೆಯವರು ದೇವರಿಗೆ ತುಪ್ಪದ ದೀಪ ಹರಕೆ ಹೊತ್ತದ್ದನ್ನು ಆಗಲೇ ಎಲ್ಲರಿಗೂ ಹೇಳಿಬಿಟ್ಟರು. ಡಾಕ್ಟರು ಬಂದಾಗ ಮಾವನವರು ಕೈ ಮುಂದೆ ಚಾಚಿದರು.

“ಈ ಸೂಜಿ ತಗೀರಿ ಸಾಹೇಬ್ರ. ಇದನ್ನ ಇಟ್ಕೊಂಡು ಸಂಧ್ಯಾವಂದನಿ ಮಾಡ್ಲಿಕ್ಕಾಗೂದಿಲ್ಲ. ನನಗ ಜ್ವರ ಇಲ್ಲ.”

“ಆಚಾರ್ರ, ಈಗೇ ನಿಗಾ ಇಡಬೇಕ್ರಿ.”

“ಜ್ವರಿದ್ದಾಗ ಬಿಡ್ಲಿ ಅಂತೀರಿ, ಬಿಟ್ಟ ಮ್ಯಾಲ ಹೆದರ್ಕೋರಿ ಅಂತೀರಿ. ಇದೆಂಥಾ ತರ್ಕ? ಪ್ರತ್ಯಕ್ಷ, ಅನುಮಾನ, ಆಗಮ ಅಂತ ಪ್ರಮಾಣ ಮೂರವ. ಪ್ರತ್ಯಕ್ಷ ನೋಡ್ರಿ, ಹಣಿ ತಣ್ಣಗದ. ನಿಮ್ಮದು ಬರೀ ಅನುಮಾನ.”

“ರಕ್ತದ ರಿಪೋರ್ಟು ಪ್ರತ್ಯಕ್ಷ ಅಲ್ಲೇನ್ರಿ?”

“ನೀವು ನೋಡೀರಿ, ನಾ ನೋಡಿಲ್ಲ.”

ಡಾಕ್ಟರು ನಕ್ಕುಬಿಟ್ಟರು. ರಕ್ತದ ಅಂಕಿ ಸರಿಯಾಗಿಯೇ ಇತ್ತು, ಮಾವನವರು ಚೆನ್ನಾಗಿ ನೀರು ಕುಡಿಯುತ್ತಲೂ ಇದ್ದರು. ಆದ್ದರಿಂದ ಒಂದು ಕರಾರಿನ ಮೇಲೆ ಸಲೈನ್ ನಿಲ್ಲಿಸಿದರು. ಎರಡು ತಾಸಿಗೊಂದು ತಂಬಿಗೆಯಂತೆ ಪುಡಿ ಕಲಸಿದ ನೀರು ಹೊಟ್ಟೆಗೆ ಹೋಗಬೇಕು, ಮರುದಿನ ಮಧ್ಯಾಹ್ನ ಮತ್ತೆ ರಕ್ತ ನೋಡುವುದು. ಕೋಡ್ಲಾದವನಿಗೂ ಅಂದೇ ಜ್ವರ ಬಿಟ್ಟಿತ್ತು, ಅವನಿಗೂ ಅದೇ ಕರಾರು. ದಶಮಿಯ ದಿನವೆಲ್ಲ ಇಬ್ಬರೂ ಲೊಟಕ್ಕನೆ ಕುಡಿದರು.

ಮರುದಿನ ಏಕಾದಶಿ. ನನಗೆ ನೆನಪಿತ್ತು. ನಾನು ಬೆಳಿಗ್ಗೆ ಹೋದವಳೇ ಕಟ್ಟುನಿಟ್ಟಾಗಿ ಕೇಳಿದೆ.

“ಮಾವನವ್ರ, ಇವತ್ತ ನಿಮಗ ವಿನಾಯ್ತಿ ಅದ, ಹೌದಿಲ್ಲೋ? ನೀವೇ ಊರಿಗೆಲ್ಲ ಹೇಳ್ತೀರಿ.”

“ರೋಗಿಗೆ ವಿನಾಯ್ತಿ ಅದ,” ಎಂದರು ಗಂಭೀರವಾಗಿ.

ಅಷ್ಟು ಸಾಕಾಯಿತು ನನಗೆ. ತಂಬಿಗೆಯಲ್ಲಿ ಪುಡಿ ಕಲಸಿ ಇಟ್ಟು, ಔಷಧಿ ಅಂಗಡಿಗೆ ಹೋಗಿ, ಯಜಮಾನರಿಗೆ ಫೋನ್ ಮಾಡಿ, ಶಾಲೆಗೆ ರಜೆಯ ಚೀಟಿ ಕಳಿಸಿ ಬಂದೆ. ಅತ್ತೆಯವರು ಮಂಚದ ಪಕ್ಕ ಹೂಬತ್ತಿ ಹೊಸೆಯುತ್ತ ಕೂತಿದ್ದರು. ಅವರಿಗೂ ಉಪವಾಸವೇ.

“ಕುಡಿದ್ರೇನ್ರಿ?” ಎಂದೆ.

ಮಾವನವರು ತಂಬಿಗೆಯನ್ನು ಬೋರಲು ಹಿಡಿದು ತೋರಿಸಿದರು. “ನೋಡು, ಖಾಲಿ ಅದ.”

ಮತ್ತೆ ಕಲಸಿ ಇಟ್ಟೆ, ಮತ್ತೆ ಖಾಲಿಯಾಯಿತು. ನಮ್ಮ ಮಾವನವರು ಸುಳ್ಳು ಹೇಳುವವರಲ್ಲ, ಇದು ಇಡೀ ಸೇಡಂಗೆ ಗೊತ್ತು. ಕೋಡ್ಲಾದವನು ಮಾತ್ರ ಬೆಳಿಗ್ಗೆಯಿಂದ ಪಾಯಖಾನೆಗೆ ಓಡಾಡುವುದೇ ಓಡಾಡುವುದು. ಪಾಪ, ಅವನ ಹೆಂಡತಿ “ಏನಾಗ್ಯಾದರೀ ನಿಮಗ, ಹಿಂಗ ಎದ್ದೆದ್ದು ಹೋಗಾಕತ್ತೀರಿ” ಎಂದು ಗಾಬರಿಯಾಗಿದ್ದಳು. ಅವನು ಏನೋ ಹೇಳಲು ಬಾಯಿ ತೆರೆದು, ಮಾವನವರ ಮುಖ ನೋಡಿ ಮುಚ್ಚಿಕೊಂಡ.

ಮಧ್ಯಾಹ್ನ ಇಬ್ಬರದೂ ರಕ್ತ ತೆಗೆದುಕೊಂಡು ಹೋದರು. ನಾನು ಹೊರಗಿನ ಕಟ್ಟೆಯ ಮೇಲೆ ರೊಟ್ಟಿ ತಿಂದು ಬಂದು, ಮರೆತು ಚಪ್ಪಲಿ ಮೆಟ್ಟಿಕೊಂಡೇ ಅವರ ಮಂಚದವರೆಗೆ ಹೋಗಿಬಿಟ್ಟೆ. ಮಾವನವರು ನೋಡಿದರು. ಏನೂ ಅನ್ನಲಿಲ್ಲ. ನಾನು ಚೀಲವನ್ನು ಮಂಚದ ಮೇಲಿಟ್ಟೆ. ಏನೂ ಅನ್ನಲಿಲ್ಲ. ನನಗೇಕೋ ಅನುಮಾನ ಬಂತು. ಬೇಕೆಂದೇ ಎಡಗೈಯಿಂದ ಅವರ ಪಂಚೆಯನ್ನು ಆಚೆ ಸರಿಸಿದೆ. ಗೋಡೆಯ ಕಡೆ ಮುಖ ಮಾಡಿ ಮಲಗಿದರು, ಅಷ್ಟೆ.

ಮದುವೆಯಾಗಿ ಹತ್ತು ವರ್ಷ ದಾಟಿತ್ತು. ನಾನು ಅಪರಾಧ ಮಾಡಿ ಅವರು ಸುಮ್ಮನಿದ್ದ ಒಂದು ದಿನವೂ ನನಗೆ ನೆನಪಿರಲಿಲ್ಲ. ಕೈ ಮುಟ್ಟಿದೆ, ತಣ್ಣಗೆ ಒದ್ದೆ ಬಟ್ಟೆಯ ಹಾಗಿತ್ತು.

“ಹೊಟ್ಟಿ ಜರಾ ನೋಯ್ಲಿಕತ್ತದ,” ಎಂದರು, ನನಗಲ್ಲ, ಗೋಡೆಗೆ.

ನಾನು ಡಾಕ್ಟರನ್ನು ಕರೆಯಲು ಓಡಿದರೆ ಡಾಕ್ಟರೇ ಎದುರಿಗೆ ಬಂದರು. ಕೈಯಲ್ಲಿ ಎರಡು ರಿಪೋರ್ಟು.

“ಬಾಯಾರ, ಇವ್ರು ನೀರು ಕುಡದಾರ ಏನ್ರಿ?”

“ತಂಬಿಗಿ ತಂಬಿಗಿ ಕುಡದಾರ್ರಿ. ನಾನೇ ನೋಡೀನಿ, ಖಾಲಿ ತಂಬಿಗಿ.”

“ಎರಡು ಮಂಚ, ಒಂದೇ ಜ್ವರ, ಒಂದೇ ಪುಡಿ. ಆ ಕಡಿ ಮಂಚದ ರಕ್ತ ಮಜ್ಜಿಗಿ ಆಗೇದ, ಈ ಕಡಿದು ಗಟ್ಟಿ ಝುಣಕ ಆಗೇದ. ನಿನ್ನಿ ಪಿ.ಸಿ.ವಿ. ನಲವತ್ತು ಇದ್ದದ್ದು ಇವತ್ತ ಐವತ್ತರ ಹತ್ರ ಅದ. ನೀರು ಹೊಟ್ಟಿಗೆ ಹೋಗಿದ್ರ ಹಿಂಗ ಏರ್ತಿದ್ದಿಲ್ರಿ. ನಾಲಿಗಿ ತೋರಸ್ರಿ ಆಚಾರ್ರ.”

ಮಾವನವರು ಬಾಯಿ ಬಿಡಲಿಲ್ಲ. ಡಾಕ್ಟರು ತಲೆ ಆಡಿಸಿದರು.

“ನನ್ನ ಮುಂದ ನಡ್ಯಾಂಗಿಲ್ರಿ ಇದು. ನಮ್ಮ ಅಮ್ಮಿ ಶುಗರ್ ಇಟ್ಕೊಂಡು ರೋಜಾ ಹಿಡೀತಾಳ, ಕೇಳಿದ್ರ ಹಿಂಗೇ ಬಾಯಿ ಮುಚ್ಕೋತಾಳ. ನೀರು ಯಾರಿಗೆ ಕುಡಿಸಿದ್ರಿ?”

ಪಕ್ಕದ ಮಂಚದಿಂದ ಗದ್ಗದ ದನಿ ಬಂತು. ಕೋಡ್ಲಾದವನು ಎದ್ದು ಕೂತು ಕೈ ಮುಗಿದಿದ್ದ.

“ನನ್ನ ತಪ್ಪಿಲ್ರಿ ಡಾಕ್ಟರ್ ಸಾಬ್ರ. ಆಚಾರ್ರು ಏಕಾದಶಿ ದಿನದ ದಾನ ಅಂದ್ರಿ. ದಾನ ಬ್ಯಾಡಂದ್ರ ಕೊಟ್ಟಾವ್ರಿಗೆ ಪಾಪ ಬರ್ತದ ಅಂದ್ರಿ. ದೊಡ್ಡಾವ್ರು, ಹ್ಯಾಂಗ ಬ್ಯಾಡನ್ಲಿ? ನಂದೂ ಕುಡದೆ, ಅವರ್ದೂ ಕುಡದೆ. ಓಡಾಡಿ ಓಡಾಡಿ ಕಾಲು ಬಿದ್ದು ಹೋಗ್ಯಾವ್ರಿ!”

ಅವನ ಹೆಂಡತಿ ಹಣೆ ಬಡಿದುಕೊಂಡಳು. ನಾನು ಅತ್ತೆಯವರ ಕಡೆ ತಿರುಗಿದೆ. “ನಿಮಗ ಗೊತ್ತಿತ್ತೇನ್ರಿ?”

“ಅವ್ರು ಕುಡದೀನಿ ಅಂತ ಎಲ್ಲಿ ಹೇಳ್ಯಾರ ತಂಗಿ? ಖಾಲಿ ಆಗೇದ ಅಂದ್ರು,” ಎಂದರು ಅತ್ತೆಯವರು ಮೆಲ್ಲಗೆ. ಬತ್ತಿ ಹೊಸೆಯುತ್ತಿದ್ದ ಕೈ ನಿಂತಿತ್ತು.

ಆಮೇಲೆ ಎಲ್ಲ ಬೇಗ ಬೇಗ ನಡೆಯಿತು. ನಾಡಿ ಸಣ್ಣಗೆ ಓಡುತ್ತಿತ್ತು, ಬಿ.ಪಿ. ಇಳಿದಿತ್ತು. ಸೂಜಿ ಮತ್ತೆ ಚುಚ್ಚಿ ಸಲೈನ್ ಜೋರಾಗಿ ಬಿಟ್ಟರು. ಮಾವನವರು ಅದಕ್ಕೆ ಅಡ್ಡಿ ಮಾಡಲಿಲ್ಲ. “ನಾಲಿಗಿಗೆ ಹತ್ತಲಾರದ್ದು ಉಪವಾಸ ಮುರಿಯೂದಿಲ್ಲ,” ಎಂದು ಆ ಸ್ಥಿತಿಯಲ್ಲೂ ತೀರ್ಪು ಕೊಟ್ಟರು. ಗಲಬುರ್ಗಿಯ ದೊಡ್ಡಾಸ್ಪತ್ರೆಗೆ ಒಯ್ಯಬೇಕಾದರೆ ಇರಲಿ ಎಂದು ಡಾಕ್ಟರು ಜೀಪು ತರಿಸಿ ಬಾಗಿಲಲ್ಲಿ ನಿಲ್ಲಿಸಿದರು. ನನ್ನನ್ನು ಬದಿಗೆ ಕರೆದು ಮುಚ್ಚುಮರೆಯಿಲ್ಲದೆ ಹೇಳಿದರು.

“ಸಲೈನ್ ಒಂದರ ಮ್ಯಾಲ ನಡ್ಯಾಂಗಿಲ್ರಿ. ಭಾಳ ಸುರದ್ರ ಆ ನೀರು ಎದಿಗೆ ಹೋಗ್ತದ. ಜರಾ ಜರಾ ಬಾಯಿಂದಾನೂ ಹೋಗ್ಬೇಕು. ಸಂಜಿಗೆ ಮತ್ತ ರಕ್ತ ನೋಡ್ತೀನಿ. ಇಳೀತು ಅಂದ್ರ ಇಲ್ಲೇ. ಏರಿತು ಅಂದ್ರ ಗಲಬುರ್ಗಿ. ಈಗಂತೂ ಈ ಬಿ.ಪಿ. ಇಟ್ಕೊಂಡು ಆ ರಸ್ತೆದಾಗ ಕಳಸ್ಲಿಕ್ಕೆ ನನಗ ಧೈರ್ಯ ಇಲ್ರಿ.”

ನಾನು ರಿಪೋರ್ಟು ತೆಗೆದುಕೊಂಡು ಹೋಗಿ ಮಾವನವರ ಮುಖದ ಮುಂದೆ ಹಿಡಿದೆ.

“ಈಗ ನೋಡ್ರಿ. ಪ್ರತ್ಯಕ್ಷ. ನೀವು ರೋಗಿ ಇದ್ದೀರಿ ಅಂತ ನಿಮ್ಮ ರಕ್ತಾನೇ ಹೇಳಾಕತ್ತದ. ವಿನಾಯ್ತಿ ಅದ. ಕುಡೀರಿ.”

ಕಣ್ಣು ಕಿರಿದು ಮಾಡಿ ಅಂಕಿ ಓದಿದರು. ಒಪ್ಪಿದರು ಎಂದುಕೊಂಡೆ.

“ಇದು ಮಧ್ಯಾಹ್ನದ್ದು,” ಎಂದರು ಕ್ಷೀಣವಾಗಿ. “ನಾ ಬೆಳಿಗ್ಗಿ ಸಂಕಲ್ಪ ಮಾಡೀನಿ. ಸಂಕಲ್ಪ ಮಾಡುವಾಗ ನನಗ ಜ್ವರ ಇದ್ದಿದ್ದಿಲ್ಲ. ನಾ ರೋಗಿ ಅಲ್ಲ. ಮಾಡಿದ ಸಂಕಲ್ಪ ಮುರೀಲಿಕ್ಕೆ ಬರೂದಿಲ್ಲ.”

ನೋಡಿ, ನಾನು ಕಿರುಚುವ ಭಾಗ ಬಂತು.

“ಸಾಕು ಮಾಡ್ರಿ!” ಎಂದ ನನ್ನ ಕೂಗಿಗೆ ಹೊರಗೆ ಜೀಪಿನ ಡ್ರೈವರು ಇಣುಕಿ ನೋಡಿದ. “ಚಿಂಚೋಳಿ ಮುದುಕ್ರಿಗೆ ದೇಹ ಅದ, ಚಿತ್ತಾಪುರದ ಮುದುಕ್ರಿಗೆ ದೇಹ ಅದ, ನಿಮ್ಮದೇನು ಕಟ್ಟಿಗೀಲೆ ಮಾಡಿದ್ದೇನು? ಹಟಾ ಇದು, ವ್ರತ ಅಲ್ಲ! ಶುದ್ಧ ಹಟಾ! ನೀವು ಹೋದ್ರ ನಾ ಯಾರ ಸಂಗಟ ಜಗಳಾಡ್ಲಿ? ನಿಮ್ಮ ಮಗಗ ಜಗಳಾಡ್ಲಿಕ್ಕೂ ಬರಂಗಿಲ್ಲ! ನನಗ ನೀವು ಬೇಕ್ರಿ. ಬೈರಿ, ಬಾಯಾರು ಅನ್ರಿ, ಏನರೆ ಅನ್ರಿ. ಇರ್ರಿ ಸಾಕು!”

ಹೇಳುತ್ತ ಹೇಳುತ್ತ ಅತ್ತುಬಿಟ್ಟೆ. ನನಗೆ ಅವರ ಮೇಲೆ ಇಷ್ಟು ಪ್ರೀತಿ ಇದೆ ಎಂದು ಅಲ್ಲಿಯವರೆಗೆ ನನಗೇ ಗೊತ್ತಿರಲಿಲ್ಲ. ಕೋಡ್ಲಾದವನೂ ಅಳುತ್ತಿದ್ದ. ಮಾವನವರ ಕಣ್ಣಂಚಿನಲ್ಲೂ ನೀರು ಬಂತು. ಆದರೆ ತುಟಿ ಬಿಗಿದೇ ಇತ್ತು. ನಾನು ತಂಬಿಗೆ ಹಿಡಿದು ನಿಂತೇ ಇದ್ದೆ.

ಆಗ ಅತ್ತೆಯವರು ಎದ್ದರು. ಬತ್ತಿಯ ತಟ್ಟೆಯನ್ನು ಕೆಳಗಿಟ್ಟರು. ನನ್ನ ಕೈಯಿಂದ ತಂಬಿಗೆ ತೆಗೆದುಕೊಂಡು, ಗಂಡನಿಗೆ ಕುಡಿಸುತ್ತಾರೆ ಎಂದು ನಾನು ನೋಡುತ್ತಿದ್ದರೆ, ತಮ್ಮ ಬಾಯಿಗೇ ಇಟ್ಟುಕೊಂಡು ಗಟಗಟ ಕುಡಿಯತೊಡಗಿದರು.

ಮಾವನವರು ಕಣ್ಣು ಬಿಟ್ಟರು. “ಏ… ಏನ್ ಮಾಡ್ಲಿಕತ್ತಿ?”

ಅತ್ತೆಯವರು ತಂಬಿಗೆ ಇಳಿಸಿ ಉಸಿರು ತೆಗೆದುಕೊಂಡರು. “ಮುರದೆ ನೋಡ್ರಿ. ಲಗ್ನ ಆದಾಗಿಂದ ನಿಮ್ಮ ಸಂಗಟ ಒಂದೂ ಏಕಾದಶಿ ತಪ್ಪಿಸಿದ್ದಿಲ್ಲ. ಬಾಣಂತನದಾಗೂ ತಪ್ಪಿಸಿದ್ದಿಲ್ಲ. ಇವತ್ತಿಗೆ ಹೋತು ಅದೆಲ್ಲಾ. ಈಗ ನಿಮಗ ವೈಕುಂಠ, ನನಗ ನರಕ. ಒಬ್ರೇ ಹೋಗ್ತೀನಿ ಅಂದ್ರ ಹೋಗ್ರಿ. ನಾ ಬರೂದಿಲ್ಲ.”

ಅಷ್ಟು ಹೇಳಿ ಮತ್ತೆ ತಂಬಿಗೆ ಎತ್ತಿದರು. ನಾನು ಆ ಮನೆ ಹೊಕ್ಕಾಗಿನಿಂದ ಅತ್ತೆಯವರು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ಕೇಳಿರಲಿಲ್ಲ.

“ಕಚ್ಚಿ ಕುಡೀಲಿಕತ್ತೀಯಲ್ಲ,” ಎಂದರು ಮಾವನವರು.

“ಹೂಂ. ಕಚ್ಚೇ ಕುಡೀಲಿಕತ್ತೀನಿ.”

“ತಂಬಿಗಿ ಎಂಜಲಾತು.”

“ಆಗ್ಲಿ.”

ಮತ್ತೆ ಎರಡು ಗುಟುಕು. ಮಾವನವರು ಹೆಂಡತಿಯ ಗಂಟಲನ್ನೇ ನೋಡುತ್ತಿದ್ದರು. ಕೊನೆಗೆ ಸಲೈನ್ ಇಲ್ಲದ ಕೈಯನ್ನು ಮೆಲ್ಲಗೆ ಚಾಚಿದರು.

“ಎಲ್ಲಾ ಮುಗಸಬ್ಯಾಡ. ಅರ್ಧರೆ ಇಡು.”

ಅತ್ತೆಯವರು ಅದೇ ಎಂಜಲು ತಂಬಿಗೆಯನ್ನು ಅವರ ತುಟಿಗೆ ಹಿಡಿದರು. ಮೊದಲ ಗುಟುಕಿಗೆ ಮುಖ ಕಿವುಚಿದರು, ಎರಡನೆಯದಕ್ಕೆ ಕೆಮ್ಮಿದರು, ಮೂರನೆಯದರಿಂದ ನೆಟ್ಟಗೆ ಕುಡಿಯತೊಡಗಿದರು. ನಾನು ಇನ್ನೊಂದು ಪುಡಿಯ ಪಾಕೀಟನ್ನು ಅವಸರದಲ್ಲಿ ಹರಿದು ಅರ್ಧ ನೆಲಕ್ಕೆ ಚೆಲ್ಲಿದೆ.

ಸಂಜೆಗೆ ರಕ್ತ ತೆಗೆದರು. ಪಿ.ಸಿ.ವಿ. ನೋಡಲು ಕೂದಲೆಳೆಯಂಥ ಗಾಜಿನ ನಳಿಗೆಯಲ್ಲಿ ರಕ್ತ ತುಂಬಿ ಗಿರಗಿರ ತಿರುಗಿಸುವ ಯಂತ್ರವಿತ್ತು. ತಿರುಗಬೇಕು ಎನ್ನುವಷ್ಟರಲ್ಲಿ ಕರೆಂಟ್ ಹೋಯಿತು. ಸೇಡಂನಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಎಂದು ಹೇಳಬಹುದಿತ್ತು, ಯಾವಾಗ ಬರುತ್ತದೆ ಎಂದು ದೇವರಿಗೂ ಹೇಳಲು ಬರುತ್ತಿರಲಿಲ್ಲ. ಜನರೇಟರಿಗೆ ಡೀಸೆಲ್ ಇರಲಿಲ್ಲ. ಡಾಕ್ಟರು ಹೊರಗೆ ಹೋಗಿ ಜೀಪಿನವನಿಗೆ ಏನೋ ಹೇಳಿದರು. ಅವನು ರಬ್ಬರ್ ನಳಿಗೆ ಹಚ್ಚಿ, ಬಾಯಿಂದ ಎಳೆದು, ಉಗುಳಿ, ನಮ್ಮನ್ನು ಗಲಬುರ್ಗಿಗೆ ಒಯ್ಯಬೇಕಾಗಿದ್ದ ಡೀಸೆಲ್ಲನ್ನೇ ಡಬ್ಬಿಗೆ ಇಳಿಸಿಕೊಟ್ಟ. “ಇಳದಿರ್ತದ್ರಿ ಬಾಯಾರ, ನನ್ನ ಗಾಡಿ ಹೊಂಡಂಗಿಲ್ಲ, ನೋಡ್ರಿ,” ಎಂದು ನನಗೇ ಧೈರ್ಯ ಹೇಳಿದ. ಜನರೇಟರು ಗುಡುಗಿತು. ಯಂತ್ರ ತಿರುಗಿತು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ.

ಡಾಕ್ಟರು ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿದರು. ಅಳತೆಯ ಪಟ್ಟಿಯ ಮೇಲಿಟ್ಟು ಮತ್ತೊಮ್ಮೆ ನೋಡಿದರು.

“ಇಳದದ,” ಎಂದರು. “ಭಾಳಿಲ್ಲ, ಆದ್ರ ಇಳದದ. ನಾಡಿನೂ ಬರೋಬರಿ ಬಂದದ. ಜೀಪು ಹೋಗ್ಲಿ.”

ಅವರು ಜೇಬಿನಿಂದ ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡದ್ದನ್ನು ನೋಡಿದಾಗಲೇ ನನಗೆ ಗೊತ್ತಾದದ್ದು, ಅವರೂ ನನ್ನಷ್ಟೇ ಹೆದರಿದ್ದರು ಎಂದು. ನಾನು ಯಜಮಾನರಿಗೆ ಫೋನ್ ಮಾಡಲು ಮಾಳಿಗೆ ಹತ್ತಿ, ಅಲ್ಲೇ ಕೂತು ಮನಸಾರೆ ಅತ್ತು ಇಳಿದು ಬಂದೆ.

ವಾರ್ಡಿನೊಳಗೆ ಕೋಡ್ಲಾದವನು ಗೊರಕೆ ಹೊಡೆಯುತ್ತಿದ್ದ. ಅವನಿಗೆ ಕೊನೆಗೂ ಎದ್ದು ಓಡುವ ಕೆಲಸವಿರಲಿಲ್ಲ. ಅತ್ತೆಯವರು ಮಂಚದ ಅಂಚಿನಲ್ಲಿ ಕೂತು ಗಂಡನ ಕಾಲು ನೀವುತ್ತಿದ್ದರು. ನಾನು ಬಾಗಿಲಲ್ಲಿ ನಿಂತದ್ದನ್ನು ಇಬ್ಬರೂ ನೋಡಲಿಲ್ಲ.

“ಏ,” ಎಂದರು ಮಾವನವರು. “ಖರೇ ಹೇಳು. ನಾ ಹೋಗಿದ್ರ ನೀ ಬರ್ತಿದ್ದಿಲ್ಲೇನು?”

“ಎಲ್ಲಿಗೆ?”

“ವೈಕುಂಠಕ್ಕ.”

ಅತ್ತೆಯವರು ಕಾಲು ನೀವುವುದನ್ನು ನಿಲ್ಲಿಸಲಿಲ್ಲ.

“ಬಂದು ಏನ್ ಮಾಡ್ಲಿ? ಅಲ್ಲೂ ನಿಮಗ ಮಡೀಲೆ ಅಡಿಗಿ ಮಾಡಿ ಹಾಕ್ಲೇನು? ಏನೂ ಬ್ಯಾಡ. ಇಲ್ಲೇ ಇರ್ರಿ ಸುಮ್ಮ,” ಎಂದರು. ಎಂದವರು ಸೆರಗಿನಿಂದ ಮುಖ ಮುಚ್ಚಿಕೊಂಡರು.